ಚೀಟಿ, ಸೀಸೆ, ಸಾಬೂನು

ಜೂನ್ 8, 2025, ಭಾನುವಾರ
ವಿಜಯನಗರ

ತಿಂಗಳ ಕೊನೆಯ ಭಾನುವಾರ ಬಸವೇಶ್ವರನಗರದ ಹಿರಿಯರ ಕೂಟದಲ್ಲಿ ನಾನು ಮಾತಾಡಲೇಬೇಕೆಂದು ಕಾರ್ಯದರ್ಶಿಗಳು ಪಟ್ಟು ಹಿಡಿದಿದ್ದಾರೆ. ಮಂಡಿನೋವು, ಸಕ್ಕರೆ ಕಾಯಿಲೆ, ಉಯಿಲು ಬರೆಯುವ ಕ್ರಮ ಎಲ್ಲ ಆಗಿಹೋಗಿವೆಯಂತೆ. "ಮೇಡಂ, ನೀವು ಪ್ರೆಸ್ಸಿನಲ್ಲಿದ್ದವರು, ಹಳೇ ಕಾಲದ್ದು ಏನಾದರೂ ಹೇಳಿ" ಅಂದರು. ಹಳೇ ಜಾಹೀರಾತುಗಳ ಬಗ್ಗೆ ಹೇಳುತ್ತೇನೆ ಎಂದು ಒಪ್ಪಿಕೊಂಡೆ. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಬೆಂಗಳೂರು ದಂಡಿನ ದೊರೆ, ದೊರೆಸಾನಿಯರಿಗೆ ಏನೇನು ಮಾರುತ್ತಿದ್ದರು, ಯಾವ ಮಾತು ಹೇಳಿ ಮಾರುತ್ತಿದ್ದರು ಎಂಬುದು. ಪ್ರೂಫ್ ನೋಡುತ್ತಿದ್ದ ದಿನಗಳಲ್ಲಿ ಜಾಹೀರಾತಿನ ಪುಟವನ್ನೇ ಮೊದಲು ಎತ್ತಿಕೊಳ್ಳುತ್ತಿದ್ದೆ. ಲೇಖನದಲ್ಲಿ ತಪ್ಪು ಉಳಿದರೆ ಓದುಗರು ಒಂದು ಕಾಗದ ಬರೆಯುತ್ತಿದ್ದರು. ಜಾಹೀರಾತಿನಲ್ಲಿ ಉಳಿದರೆ ಅಂಗಡಿಯವನೇ ಬಂದು ನಿಲ್ಲುತ್ತಿದ್ದ.

ಸೊಸೆ ಟ್ಯಾಬಿನಲ್ಲಿ ಮದರಾಸಿನ ಅಸೈಲಂ ಪ್ರೆಸ್ ಆಲ್ಮನಾಕಿನ ಕೆಲವು ಸಂಪುಟಗಳನ್ನು ಇಳಿಸಿಕೊಟ್ಟಿದ್ದಾಳೆ. ತಾರೀಕು ಪಟ್ಟಿ, ಅಧಿಕಾರಿಗಳ ಹೆಸರು, ಊರುಗಳ ನಿವಾಸಿಗಳ ವಿವರ, ಜಾಹೀರಾತು ಎಲ್ಲ ಒಂದೇ ರಟ್ಟಿನೊಳಗೆ. ಬೆಂಗಳೂರಿನ ಪುಟಗಳೂ ಇವೆ. ಇಲ್ಲಿ ಬೆಂಗಳೂರು ಅಂದರೆ ದಂಡು. ನಮ್ಮ ಪೇಟೆ ಎಲ್ಲೋ ಅಂಚಿನಲ್ಲಿ.

ಮಾತು ಶುರು ಮಾಡುವ ಮೊದಲು ಕೂಟದವರಿಗೆ ಇದಿಷ್ಟು ನೆನಪಿಸಬೇಕು. 1809ರಲ್ಲಿ ಬ್ರಿಟಿಷರ ದಂಡು ಬಂತು. 1881ರಲ್ಲಿ ಮೈಸೂರು ರಾಜ್ಯವನ್ನು ಒಡೆಯರಿಗೆ ಹಿಂದಿರುಗಿಸಿದಾಗಲೂ ಬ್ರಿಟಿಷರು ದಂಡನ್ನು ಕೈಬಿಡಲಿಲ್ಲ. ಅದು ರಾಜ್ಯದ ಪಾಲಿಗೆ ಮತ್ತೆ ಸೇರಿದ್ದು 1947ರಲ್ಲಿ. ಒಂದೇ ಊರಿನಲ್ಲಿ ಎರಡು ಆಡಳಿತ, ಎರಡು ಮಾರುಕಟ್ಟೆ. 1891ರ ಜನಗಣತಿಯ ಹೊತ್ತಿಗೆ ಪೇಟೆಯ ಕಡೆ ಸುಮಾರು 80 ಸಾವಿರ ಜನ, ದಂಡಿನ ಕಡೆ ಸುಮಾರು 1 ಲಕ್ಷ. ಆ 1 ಲಕ್ಷದಲ್ಲಿ ಬಿಳಿಯರು ಸ್ವಲ್ಪವೇ. ಉಳಿದವರು ತಮಿಳು, ಉರ್ದು, ತೆಲುಗು, ಕನ್ನಡ ಆಡುತ್ತ ಅವರಿಗೆ ಅಡುಗೆ ಮಾಡಿದವರು, ಬಟ್ಟೆ ಒಗೆದವರು, ಕುದುರೆ ತಿಕ್ಕಿದವರು, ಅಂಗಡಿ ಇಟ್ಟವರು. ಜಾಹೀರಾತು ಮಾತ್ರ ಆ ಸ್ವಲ್ಪ ಜನಕ್ಕೆ.

ಜೂನ್ 11, ಬುಧವಾರ

ರಾತ್ರಿ ಇವರಿಗೆ ಹೊಟ್ಟೆಯುಬ್ಬರ. ಮದುವೆ ಮನೆಯಲ್ಲಿ ಬೇಡಬೇಡವೆಂದರೂ ಹೋಳಿಗೆ ಮೇಲೆ ಹೋಳಿಗೆ. ಅಂಗಡಿಯಿಂದ ಈನೋ ತರಿಸಿ ಕೊಟ್ಟೆ. ಲೋಟದಲ್ಲಿ ನೊರೆ ಏಳುವಾಗ ನೆನಪಾಯಿತು, ಇದೂ ಆ ಪುಟಗಳ ಕಾಲದ ಸರಕೇ. ಇಂಗ್ಲೆಂಡಿನ ಈನೋ ಎಂಬ ಔಷಧ ವ್ಯಾಪಾರಿ 19ನೇ ಶತಮಾನದಲ್ಲಿ ಮಾರಲು ತೊಡಗಿದ ಹಣ್ಣಿನುಪ್ಪು ಇಂದು ನಮ್ಮ ಮೂಲೆಯಂಗಡಿಯಲ್ಲಿ ಶಾಂಪೂ ಸ್ಯಾಷೆಗಳ ಪಕ್ಕದಲ್ಲಿ ನೇತಾಡುತ್ತಿದೆ.

ಆ ಕಾಲದ ಜಾಹೀರಾತಿನಲ್ಲಿ ಔಷಧಗಳದ್ದೇ ದೊಡ್ಡ ಗದ್ದಲ. ಹಾಲೊವೇ ಗುಳಿಗೆ ಮತ್ತು ಮುಲಾಮು, ಬೀಚಮ್ ಗುಳಿಗೆ, ಕಾಲಿಸ್ ಬ್ರೌನ್ ಕ್ಲೋರೊಡೈನ್. ಬ್ರೌನ್ ಇಂಡಿಯಾದಲ್ಲೇ ಕೆಲಸ ಮಾಡಿದ ಸೈನ್ಯದ ವೈದ್ಯ. ಕಾಲರಾಕ್ಕೆಂದು ಮಾಡಿದ ಅವನ ಮದ್ದಿನಲ್ಲಿ ಇದ್ದದ್ದು ಅಫೀಮಿನ ಸಾರ, ಭಂಗಿ, ಕ್ಲೋರೊಫಾರಂ. ಭೇದಿ ನಿಲ್ಲುತ್ತಿತ್ತು, ನೋವು ಅಡಗುತ್ತಿತ್ತು, ಮೆಲ್ಲಗೆ ಚಟವೂ ಹತ್ತುತ್ತಿತ್ತು. ಇತರರು ಅದೇ ಹೆಸರಿನಲ್ಲಿ ಮಾರಲು ತೊಡಗಿದಾಗ ಜಗಳ 1864ರಲ್ಲಿ ಲಂಡನ್ನಿನ ಕೋರ್ಟು ಕಟ್ಟೆ ಹತ್ತಿತು. ಇದನ್ನು ಕಂಡುಹಿಡಿದವನು ಬ್ರೌನನೇ ಎಂದು ನ್ಯಾಯಾಧೀಶರು ಆಡಿದ ಮಾತನ್ನು ಮುಂದೆ ದಶಕಗಳ ಕಾಲ ಜಾಹೀರಾತಿನ ನೆತ್ತಿಯ ಮೇಲೆ ಅಚ್ಚು ಹಾಕಿದರು. ಸೀಸೆಗೆ ಕೋರ್ಟಿನ ಸರ್ಟಿಫಿಕೇಟು!

ಬೀಚಮ್ ಗುಳಿಗೆಯದ್ದು ಇನ್ನೊಂದು ಬಗೆ. ಒಂದು ಡಬ್ಬಿ ಒಂದು ಗಿನಿಗೆ ಸಮ ಎಂದು ಸಾರುತ್ತಿದ್ದರು. 1909ರಲ್ಲಿ ಬ್ರಿಟಿಷ್ ವೈದ್ಯರ ಸಂಘ ಒಡೆದು ನೋಡಿದಾಗ ಸಿಕ್ಕಿದ್ದು ಲೋಳೆಸರದ ಸಾರ, ಶುಂಠಿ, ಸಾಬೂನು. ಒಂದು ಶಿಲ್ಲಿಂಗಿಗೂ ಮೇಲೆ ಮಾರುತ್ತಿದ್ದ ಡಬ್ಬಿಯೊಳಗಿನ ಸಾಮಗ್ರಿಯ ಬೆಲೆ ಅರ್ಧ ಫಾರ್ದಿಂಗ್, ಅಂದರೆ ಪೆನ್ನಿಯ ಎಂಟನೇ ಒಂದು ಪಾಲು. ಶುಂಠಿ, ಲೋಳೆಸರ ನಮ್ಮ ಅಜ್ಜಿಯರ ಹಿತ್ತಲಲ್ಲೇ ಇದ್ದವು. ಅವು ಹಡಗು ಹತ್ತಿ ಹೋಗಿ ಗುಳಿಗೆಯಾಗಿ ಬಂದಾಗ ದೊರೆಗೆ ನಂಬಿಕೆ ಬಂತು.

ನಗುವುದು ಸುಲಭ. ಆದರೆ ಕೊಂಡವರ ಅಂಜಿಕೆ ನಿಜದ್ದು. ಜ್ವರ ಯಾಕೆ ಬರುತ್ತದೆಂದು ವೈದ್ಯರಿಗೇ ಗೊತ್ತಿರಲಿಲ್ಲ. 1883ರಲ್ಲಿ ರೊನಾಲ್ಡ್ ರಾಸ್ ಬೆಂಗಳೂರು ದಂಡಿನಲ್ಲಿ ವೈದ್ಯನಾಗಿದ್ದಾಗ ಅವನ ಬಂಗಲೆಯ ಕಿಟಕಿ ಹೊರಗಿನ ತೊಟ್ಟಿಯಲ್ಲಿ ಸೊಳ್ಳೆಮರಿಗಳು ತುಂಬಿದ್ದವು. ನೀರು ಚೆಲ್ಲಿಸಿದ, ಸೊಳ್ಳೆ ಕಡಿಮೆಯಾದವು. ಮಲೇರಿಯಾ ಸೊಳ್ಳೆಯಿಂದಲೇ ಹರಡುತ್ತದೆಂಬ ಪುರಾವೆ ಅವನಿಗೆ ದೊರೆತದ್ದು 1897ರಲ್ಲಿ, ಸಿಕಂದರಾಬಾದಿನಲ್ಲಿ. ತೊಟ್ಟಿ ಬಗ್ಗಿಸಲು ದುಡ್ಡು ಬೇಕಿಲ್ಲ. ಹಾಗಾಗಿ ಅದಕ್ಕೆ ಯಾರೂ ಜಾಹೀರಾತು ಕೊಡುವುದಿಲ್ಲ.

ಜೂನ್ 14, ಶನಿವಾರ

ಮೆಟ್ರೋ ಹತ್ತಿ ಕಬ್ಬನ್ ಪಾರ್ಕಿನ ಕೆಂಪು ಗ್ರಂಥಾಲಯಕ್ಕೆ ಹೋಗಿಬಂದೆ. ಹೊಸಹಳ್ಳಿ, ಮಾಗಡಿ ರೋಡ್, ರೈಲ್ವೆ ಸ್ಟೇಷನ್, ಮೆಜೆಸ್ಟಿಕ್, ಆಮೇಲೆ ನೆಲದ ಕೆಳಗಿಂದ ದಂಡಿನ ಕಡೆಗೆ. ಅಪ್ಪನಿಗೆ ಈ ದಾರಿ ಸೈಕಲ್ಲಿನದು, ತಾತನಿಗೆ ಕಾಲ್ನಡಿಗೆಯದು.

ಸರಕು ಬಂದ ದಾರಿಯನ್ನು ಗುರುತು ಹಾಕಿಕೊಂಡೆ. 1864ರಲ್ಲಿ ಜೋಲಾರಪೇಟೆಯಿಂದ ದಂಡಿಗೆ ರೈಲು. 1869ರಲ್ಲಿ ಸೂಯೆಜ್ ಕಾಲುವೆ. ಆಫ್ರಿಕಾ ಸುತ್ತಿ ತಿಂಗಳುಗಟ್ಟಲೆ ತೇಲುತ್ತಿದ್ದ ಬಿಸ್ಕತ್ತಿನ ಡಬ್ಬ, ಬೂಟು, ಟೋಪಿ, ಸಾಸಿನ ಸೀಸೆ ವಾರಗಳ ಲೆಕ್ಕದಲ್ಲಿ ಬರತೊಡಗಿದವು. ಇಂಥ ಹಡಗಿನಿಂದ ಈಗತಾನೇ ಇಳಿದ ಮಾಲು ಎನ್ನುವುದೇ ಆಗಿನ ಅಂಗಡಿಯವರ ಹೆಮ್ಮೆಯ ಸಾಲು. ದೂರದಿಂದ ಬಂದದ್ದೇ ಗುಣಕ್ಕೆ ಸಾಕ್ಷಿ.

ಮೂರನೆಯದು ಅಂಚೆ. 1877ರಲ್ಲಿ ವಿ.ಪಿ.ಪಿ. ಶುರುವಾಯಿತು. ಪೆಟ್ಟಿಗೆ ಮನೆಗೆ ಬಂದ ಮೇಲೆ ದುಡ್ಡು ಕೊಟ್ಟು ಬಿಡಿಸಿಕೊಳ್ಳಬಹುದು. 1879ಕ್ಕೆ ಕಾಲಾಣೆಯ ಪೋಸ್ಟ್‌ಕಾರ್ಡು. ಅಂಗಡಿಗೆ ಕಾಲಿಡಲು ಅಂಜುತ್ತಿದ್ದ ನಮ್ಮ ಗುಮಾಸ್ತ, ಮೇಷ್ಟ್ರುಗಳಿಗೂ ಇದರಿಂದ ಒಂದು ಕಿಂಡಿ ತೆರೆಯಿತು. ದಂಡಿನ ಸೌತ್ ಪೆರೇಡ್ ರಸ್ತೆಯ ಅಂಗಡಿಯಲ್ಲಿ ಕಚ್ಚೆಪಂಚೆಯವನನ್ನು ಹೇಗೆ ನೋಡುತ್ತಿದ್ದರೋ, ಪೋಸ್ಟ್‌ಕಾರ್ಡಿಗೆ ಪಂಚೆ ಕಾಣುವುದಿಲ್ಲ. ನಾನು ಪ್ರೂಫ್ ನೋಡಿದ ಕನ್ನಡ ಪತ್ರಿಕೆಗಳಲ್ಲೂ ವಿ.ಪಿ. ಮೂಲಕ ಕಳಿಸಲಾಗುವುದು ಎಂಬ ಸಾಲು ಎಷ್ಟು ಸಲ ಕಣ್ಣ ಮುಂದೆ ಹಾದುಹೋಗಿದೆಯೋ.

ಇತ್ತ ನಮ್ಮ ಪಡುವಣ ದಿಕ್ಕಿನಲ್ಲಿ ನಡೆಯುತ್ತಿದ್ದದ್ದು ಕೊಳ್ಳುವ ಕೆಲಸವಲ್ಲ, ಮಾಡುವ ಕೆಲಸ. 1866ರಲ್ಲಿ ಡಿ ವೆಕ್ಕಿ ಎಂಬ ಇಟಲಿಯವನು ಕೆಂಗೇರಿಯಲ್ಲಿ ಉಗಿಯಂತ್ರದ ರೇಷ್ಮೆ ನೂಲು ಬಿಚ್ಚುವ ಕಾರ್ಖಾನೆ ಹಾಕಿದ. ಯುರೋಪಿನ ರೇಷ್ಮೆಹುಳುಗಳಿಗೆ ರೋಗ ಬಡಿದಿತ್ತು, ಮೈಸೂರಿನ ಹುಳುಗಳೂ ಸೊರಗಿದ್ದವು. ಅವನು ಜಪಾನಿನಿಂದ ಮೊಟ್ಟೆ ತರಿಸಿ ತಳಿ ಉಳಿಸಲು ಒದ್ದಾಡಿದ. ಪ್ಯಾರಿಸ್, ಲಂಡನ್ನಿನ ಹೊಸ ಫ್ಯಾಷನ್ ಎಂದು ದಂಡಿನ ಹೆಂಗಸರಿಗೆ ತೋರಿಸುತ್ತಿದ್ದ ರೇಷ್ಮೆಯ ಹಿಂದೆ ಎಲ್ಲೆಲ್ಲಿನ ಹುಳು, ಎಲ್ಲೆಲ್ಲಿನ ಬೆರಳು ಇದ್ದವೋ. ಜಾಹೀರಾತು ಹೇಳುತ್ತಿದ್ದದ್ದು ಕೊನೆಯ ಅಂಗಡಿಯ ಹೆಸರನ್ನಷ್ಟೇ.

1884ರಲ್ಲಿ ಬೆಂಗಳೂರು ಉಣ್ಣೆ, ಹತ್ತಿ, ರೇಷ್ಮೆ ಗಿರಣಿ ಬಂತು. ಆಮೇಲೆ ಬಿನ್ನಿ ಕಂಪನಿಯ ಆಡಳಿತಕ್ಕೆ ಸೇರಿ ಬಿನ್ನಿ ಮಿಲ್ಲಾಯಿತು. ಅಪ್ಪ ಅಲ್ಲೇ ದುಡಿದದ್ದು. ಶಿಫ್ಟಿನ ಸೈರನ್ನಿಗೆ ಅಮ್ಮ ಒಲೆ ಹಚ್ಚುತ್ತಿದ್ದಳು. ಬಿನ್ನಿ ಕಂಬಳಿ ಊರೆಲ್ಲ ಹೆಸರಾಗಿತ್ತು, ನೇಯ್ದವರ ಹೆಸರು ಕಂಬಳಿಯ ಮೂಲೆಯಲ್ಲೂ ಇರಲಿಲ್ಲ. ಈಗ ಆ ಜಾಗದಲ್ಲಿ ಬಹುಮಹಡಿ ಅಪಾರ್ಟ್‌ಮೆಂಟು.

ಜೂನ್ 17, ಮಂಗಳವಾರ

ಬೆಳಿಗ್ಗೆ ಜಡಿಮಳೆ, ವಾಕಿಂಗ್ ಇಲ್ಲ. ಇವರಿಗೆ ಪಿಯರ್ಸ್ ಸಾಬೂನಿನ ಹಳೇ ಜಾಹೀರಾತು ತೋರಿಸಿದೆ. 1880ರ ದಶಕದ ಚಿತ್ರ. ತೊಟ್ಟಿಯಲ್ಲಿ ಒಂದು ಕಪ್ಪು ಮಗು, ಪಕ್ಕದಲ್ಲಿ ಬಿಳಿ ಮಗು ಸಾಬೂನು ಹಿಡಿದಿದೆ. ಕೆಳಗಿನ ಚಿತ್ರದಲ್ಲಿ ಕಪ್ಪು ಮಗುವಿನ ಮೈ ಕತ್ತಿನ ತನಕ ಬೆಳ್ಳಗಾಗಿದೆ. 1899ರ ಇನ್ನೊಂದರಲ್ಲಿ ಬಿಳಿ ಸಮವಸ್ತ್ರದ ನೌಕಾಧಿಕಾರಿ ಕೈ ತೊಳೆಯುತ್ತಿದ್ದಾನೆ. ಲೋಕಕ್ಕೆ ಶುಚಿತ್ವ ಕಲಿಸಿದರೆ ಬಿಳಿಯರ ಹೊರೆ ಹಗುರವಾಗುತ್ತದಂತೆ, ಅದಕ್ಕೆ ಈ ಸಾಬೂನು ಮೊದಲ ಹೆಜ್ಜೆಯಂತೆ.

ಇವರು ಬಹಳ ಹೊತ್ತು ನೋಡಿದರು. "ದಿನಾ ತಣ್ಣೀರು ಸುರಿದುಕೊಳ್ಳೋ ಜನಕ್ಕೆ ಸ್ನಾನ ಕಲಿಸೋಕೆ ಬಂದ್ರಾ?" ಅಂದು ಕಾಫಿಗೆ ಎದ್ದರು. ಸೋಪ್ ಫ್ಯಾಕ್ಟರಿಯ ಪ್ಯಾಕಿಂಗ್ ವಿಭಾಗದಲ್ಲೇ ವಯಸ್ಸು ಕಳೆದವರು. ಸಾಬೂನಿನ ವಿಷಯಕ್ಕೆ ಸಿಟ್ಟು ಬೇಗ ಬರುತ್ತದೆ.

ಮಾತು ನಿಜ. ಸೀಗೇಕಾಯಿ, ಅಂಟುವಾಳ, ಕಡಲೆಹಿಟ್ಟು, ಚಿಗರೆಪುಡಿ ಮನೆಯಲ್ಲಿದ್ದವು. ದಂಡಿನ ಸಾಹೇಬರ ಬಿಳಿ ಷರಟನ್ನು ಬೆಳ್ಳಗಿಟ್ಟದ್ದೂ ಪಿಯರ್ಸ್ ಅಲ್ಲ, ಅಗಸರ ಚೌಳುಮಣ್ಣು, ಕಲ್ಲು, ತೋಳು. ಪಿಯರ್ಸ್ ಕಂಪನಿಯ ಥಾಮಸ್ ಬ್ಯಾರೆಟ್ ಬಹಳ ಚತುರ. ಮಿಲ್ಲೇ ಎಂಬ ದೊಡ್ಡ ಕಲಾವಿದ ಬಿಡಿಸಿದ ನೊರೆಗುಳ್ಳೆಯ ಹುಡುಗನ ಚಿತ್ರದ ಹಕ್ಕು ಹಿಡಿದು ಅದರೊಳಗೆ ಸಾಬೂನಿನ ಬಿಲ್ಲೆ ಸೇರಿಸಿಬಿಟ್ಟ. ಕಲೆಯ ಗೌರವ ಸಾಬೂನಿಗೆ ಅಂಟಿತು. ಬೀಚಮ್‌ಗೆ ಗಿನಿ, ಕ್ಲೋರೊಡೈನಿಗೆ ಕೋರ್ಟು, ಪಿಯರ್ಸಿಗೆ ಕಲಾವಿದ. ಪ್ರತಿ ಸರಕೂ ಒಬ್ಬ ದೊಡ್ಡವರ ಹೆಗಲ ಮೇಲೆ ಕೈ ಹಾಕಿ ನಿಂತಿದೆ. ಇದನ್ನು ಗುರುತು ಮಾಡಿಕೊಳ್ಳಬೇಕು.

ನಮ್ಮ ಉತ್ತರ ತಡವಾಗಿ ಬಂತು, ಆದರೆ ಗಟ್ಟಿಯಾಗಿ ಬಂತು. ಮೈಸೂರಿನ ಗಂಧದ ಕೊರಡು ಜರ್ಮನಿಗೆ ಹೋಗಿ ಎಣ್ಣೆಯಾಗುತ್ತಿತ್ತು. 1914ರ ಯುದ್ಧ ಆ ದಾರಿ ಮುಚ್ಚಿತು. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನ ವಿಜ್ಞಾನಿಗಳಾದ ಸಡ್‌ಬರೋ ಮತ್ತು ವಾಟ್ಸನ್ ಇಲ್ಲೇ ಎಣ್ಣೆ ಇಳಿಸಿ ತೋರಿಸಿದರು. 1916ರಲ್ಲಿ ಬೆಂಗಳೂರಿನಲ್ಲಿ ಗಂಧದೆಣ್ಣೆ ಕಾರ್ಖಾನೆ, 1917ರಲ್ಲಿ ಮೈಸೂರಿನಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರು, ವಿಶ್ವೇಶ್ವರಯ್ಯನವರ ಕಾಲ. ಸೋಸಲೆ ಗರಳಪುರಿ ಶಾಸ್ತ್ರಿಗಳನ್ನು ಇಂಗ್ಲೆಂಡಿಗೆ ಕಳಿಸಿ ಸಾಬೂನಿನ ವಿದ್ಯೆ ಕಲಿಸಿದರು, 1918ಕ್ಕೆ ಗಂಧದ ಸಾಬೂನು ಹೊರಬಂತು. 1957ರಲ್ಲಿ ಫ್ಯಾಕ್ಟರಿ ನಮ್ಮ ರಾಜಾಜಿನಗರದ ಕೈಗಾರಿಕಾ ಬಡಾವಣೆಗೆ ಬಂತು. ಈಗ ಮೆಟ್ರೋ ನಿಲ್ದಾಣಕ್ಕೂ ಅದರದ್ದೇ ಹೆಸರು. ಒಡವೆ ಪೆಟ್ಟಿಗೆಯಂಥ ಡಬ್ಬಿ, ಮೇಲೆ ಆನೆಸೊಂಡಿಲಿನ ಸಿಂಹ, ಶರಭ. ಆ ಪೆಟ್ಟಿಗೆಗೆ ಯಾವ ದೊರೆಯ ಚಿತ್ರವೂ ಬೇಕಾಗಲಿಲ್ಲ.

ಜೂನ್ 20, ಶುಕ್ರವಾರ

ಇವತ್ತು ಸೇವೆಗಳ ಕಡೆ ನೋಡಿದೆ. ಟೈಲರು, ಟೋಪಿಯವರು, ಫೋಟೋ ಸ್ಟುಡಿಯೋ, ಹಲ್ಲಿನ ವೈದ್ಯರು, ಹರಾಜಿನವರು, ಬಾಡಿಗೆ ಕುದುರೆಲಾಯ. ಹರಾಜಿನವರಿಗೆ ದಂಡಿನಲ್ಲಿ ಸದಾ ಸುಗ್ಗಿ ಇದ್ದಿರಬೇಕು. ರೆಜಿಮೆಂಟಿಗೆ ವರ್ಗವಾದಾಗಲೆಲ್ಲ ಪಿಯಾನೋ, ಮಂಚ, ಪಿಂಗಾಣಿ ಬೀದಿಗೆ ಬರುತ್ತಿದ್ದವು. ಹೋಗುವವರು ಬಿಟ್ಟದ್ದು ಬರುವವರಿಗೆ.

ಕುದುರೆ, ಮನೆ ಎರಡಕ್ಕೂ ನೆನಪಾಗುವ ಹೆಸರು ಆಗಾ ಅಲಿ ಅಸ್ಕರ್. 1824ರಲ್ಲಿ ಪರ್ಷಿಯಾದ ಶಿರಾಜಿನಿಂದ 200 ಕುದುರೆ ಹೊಡೆದುಕೊಂಡು ಬೆಂಗಳೂರಿಗೆ ಬಂದ ವ್ಯಾಪಾರಿ. ಕುದುರೆ ಮಾರಿದ ದುಡ್ಡಿನಲ್ಲಿ ಬಿಳಿಯರಿಗೆ ಬಂಗಲೆಗಳನ್ನು ಕಟ್ಟಿದ. ದಿವಾನ್ ಮಿರ್ಜಾ ಇಸ್ಮಾಯಿಲರಿಗೆ ಇವನು ತಾತ. 1887ರಲ್ಲಿ ಬ್ರಾನ್ಸನ್ ಎಂಬ ಹೆಂಗಸು ಹತ್ತು ಕೋಣೆಯ ಬೋರ್ಡಿಂಗ್ ಮನೆ ಇಟ್ಟಳು, ಅದೇ ಬೆಳೆದು ವೆಸ್ಟ್ ಎಂಡ್ ಹೋಟೆಲಾಯಿತು.

ಆದರೆ ದಂಡಿನ ಮನೆಗಳು ನಡೆದದ್ದು ಈ ಸೇವೆಗಳಿಂದಲ್ಲ. ಬಟ್ಲರ್, ಅಡುಗೆಯವ, ಆಯಾ, ಅಗಸ, ತೋಟಿ, ನೀರಿನವ, ಕುದುರೆಯವ. ಇವರಿಗೆ ಪತ್ರಿಕೆಯಲ್ಲಿ ಅಂಗುಲ ಜಾಗಕ್ಕೂ ಕಾಸಿರಲಿಲ್ಲ. ಇವರ ಜಾಹೀರಾತು ಜೇಬಿನಲ್ಲಿರುತ್ತಿತ್ತು: ಹಿಂದಿನ ದೊರೆಸಾನಿ ಬರೆದುಕೊಟ್ಟ ಚೀಟಿ. ಮಾಸಿ, ಮಡಿಕೆ ಹರಿದು, ಜೋಪಾನವಾಗಿ ಸುತ್ತಿಟ್ಟ ಇಂಗ್ಲಿಷ್ ಕಾಗದ. ಹೊಸ ಮನೆಯ ಮುಂದೆ ನಿಂತು ಅದನ್ನು ಒಪ್ಪಿಸಬೇಕು. ಅದರಲ್ಲಿ ಏನಿದೆಯೆಂದು ಹಲವರಿಗೆ ಗೊತ್ತೇ ಇರುತ್ತಿರಲಿಲ್ಲ. ಇವನನ್ನು ಸೇರಿಸಿಕೊಂಡರೆ ಬೆಳ್ಳಿ ಚಮಚ ಎಣಿಸಿಡಿ ಎಂದು ಬರೆದಿದ್ದರೂ ಅವನೇ ಕೈಮುಗಿದು ಅದನ್ನು ಕೊಡಬೇಕು. ಇಂಥ ಚೀಟಿಗಳು ದೊರೆಗಳ ಕ್ಲಬ್ಬಿನ ಹಾಸ್ಯಕ್ಕೆ ವಸ್ತು.

ಫ್ಲೋರಾ ಆನಿ ಸ್ಟೀಲ್ ಮತ್ತು ಗ್ರೇಸ್ ಗಾರ್ಡಿನರ್ ಎಂಬ ಇಬ್ಬರು ದೊರೆಸಾನಿಯರು ಇಂಡಿಯಾದ ಮನೆವಾರ್ತೆಯ ಬಗ್ಗೆ ದೊಡ್ಡ ಕೈಪಿಡಿಯನ್ನೇ ಬರೆದಿದ್ದರು. ಯಾರಿಗೆ ಎಷ್ಟು ಸಂಬಳ, ಯಾರನ್ನು ಹೇಗೆ ನಂಬಬಾರದು ಎಲ್ಲ ಅದರಲ್ಲಿದೆ. ಯಾವ ದೊರೆಸಾನಿಯ ಮನೆಗೆ ಕೆಲಸಕ್ಕೆ ಸೇರಬಾರದು ಎಂದು ಆಯಾಗಳು ಬರೆದ ಕೈಪಿಡಿ ಇದ್ದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು. ಅವರು ಅದನ್ನು ನಲ್ಲಿಕಟ್ಟೆಯಲ್ಲಿ ಬಾಯಲ್ಲೇ ಪ್ರಕಟಿಸಿರುತ್ತಾರೆ, ಬಿಡು.

ಈಗ ನನ್ನ ಮಾತಿಗೆ ಬೆನ್ನೆಲುಬು ಸಿಕ್ಕಿತು. ಗುಳಿಗೆಗೂ ಸರ್ಟಿಫಿಕೇಟು ಬೇಕು, ಬಟ್ಲರನಿಗೂ ಬೇಕು. ಗುಳಿಗೆ ತನಗೆ ಬೇಕಾದ ಹೊಗಳಿಕೆಯನ್ನು ಆರಿಸಿ, ತನ್ನ ಕಾಸು ಕೊಟ್ಟು ಅಚ್ಚು ಹಾಕಿಸಿಕೊಂಡಿತು. ಬಟ್ಲರ್ ಇನ್ನೊಬ್ಬರ ದಯೆಗೆ ಕಾದು, ಓದಲಾಗದ ಅಕ್ಷರವನ್ನು ಹೊತ್ತು ತಿರುಗಿದ.

ಜೂನ್ 22, ಭಾನುವಾರ

ಅಡುಗೆಮನೆ, ಬಚ್ಚಲು ತೊಳೆಸಲು ಸೊಸೆ ಯಾವುದೋ ಆ್ಯಪಿನಲ್ಲಿ ಬುಕ್ ಮಾಡಿದ್ದಳು. ಸುಂಕದಕಟ್ಟೆಯಿಂದ ಒಬ್ಬ ಹುಡುಗಿ ಬಂದಳು. ಚುರುಕು ಕೈ. ಚಿಮಣಿಯ ಜಿಡ್ಡು ತೆಗೆದದ್ದು ನೋಡಿ ಇವರೇ "ಪಾಲಿಶ್ ಹಾಕಿದೀಯೇನಮ್ಮಾ?" ಅಂದರು. ಕೆಲಸ ಮುಗಿಸಿ ಉಪ್ಪಿಟ್ಟು ತಿನ್ನುವಾಗ ಹೇಳಿದಳು, "ಆಂಟಿ, ಅಕ್ಕನಿಗೆ ಹೇಳಿ ಫೈವ್ ಸ್ಟಾರ್ ಕೊಡಿಸಿ. ಮೊನ್ನೆ ಒಬ್ಬರು ಲಿಫ್ಟ್ ಕೆಟ್ಟಿತ್ತು, ಲೇಟಾಯ್ತು ಅಂತ ಒಂದೇ ಸ್ಟಾರ್ ಒತ್ತಿಬಿಟ್ರು. ಈ ವಾರ ಕೆಲಸಾನೇ ಸರಿಯಾಗಿ ಸಿಕ್ಕಿಲ್ಲ."

"ನೀವು ಅವರಿಗೆ ಸ್ಟಾರ್ ಕೊಡೋ ಹಾಗಿಲ್ವಾ?" ಅಂತ ಕೇಳಿದೆ.

"ಕೊಡಬಹುದು ಆಂಟಿ. ಅವರ ಮನೇಗೇನೂ ಆಗಲ್ಲವಲ್ಲ" ಅಂದಳು.

ಸೊಸೆ ಅಲ್ಲೇ ಐದು ಒತ್ತಿದಳು. ಎರಡು ಸಾಲು ಕನ್ನಡದಲ್ಲಿ ಬರಿ, ಆ ಹುಡುಗಿಗೆ ಓದಿ ಹೇಳಿ ಕಳಿಸು ಅಂದೆ. ಬರೆದಳು, ಓದಿದಳು. ಹುಡುಗಿ ನಾಚಿಕೊಂಡು ಚೀಲ ಎತ್ತಿಕೊಂಡಳು. ಈ ಚೀಟಿಯನ್ನು ಅವಳು ಓದಬಲ್ಲಳು, ಅಷ್ಟು ಬದಲಾಗಿದೆ. ಬರೆಯುವ ಕೈ ಇನ್ನೂ ಮನೆಯವರದ್ದೇ, ಅಷ್ಟು ಬದಲಾಗಿಲ್ಲ.

ಜೂನ್ 24, ಮಂಗಳವಾರ

ಪ್ಲೇಗಿನ ವರ್ಷ ಬಿಟ್ಟು ಈ ಕಥೆ ಹೇಳಲಾಗದು. 1898ರ ಆಗಸ್ಟಿನಲ್ಲಿ ಪ್ಲೇಗು ರೈಲು ದಾರಿಯಿಂದಲೇ ಬೆಂಗಳೂರಿಗೆ ಬಂತು. ಬಿಸ್ಕತ್ತು ತಂದ ರೈಲೇ ಇದನ್ನೂ ತಂದಿತು. ಹಾಫ್‌ಕಿನ್ ಎಂಬ ವಿಜ್ಞಾನಿಯ ಪ್ಲೇಗ್ ಲಸಿಕೆ ಹಿಂದಿನ ವರ್ಷವೇ ಮುಂಬಯಿಯಲ್ಲಿ ತಯಾರಾಗಿತ್ತು. ಆದರೆ ಮನೆಗೆ ನುಗ್ಗಿ, ಹೆಂಗಸರನ್ನು ಮುಟ್ಟಿ ನೋಡಿ, ಗುಡಿಸಲು ಸುಡುವ ಸರ್ಕಾರದ ಸೂಜಿಯನ್ನು ಜನ ಹೇಗೆ ನಂಬಿಯಾರು? ಪ್ಲೇಗ್ ಮಾರಮ್ಮನ ಗುಡಿಗಳೆದ್ದವು. ಆ ಗುಡಿಗಳಲ್ಲಿ ಕೆಲವು ಇವತ್ತೂ ಇವೆ. ಪ್ಲೇಗಿನ ಮುಂದೆ ಗುಳಿಗೆ, ಮುಲಾಮು ಯಾವುದೂ ನಿಲ್ಲಲಿಲ್ಲ. ಮಲ್ಲೇಶ್ವರ, ಬಸವನಗುಡಿಯ ಅಗಲ ರಸ್ತೆ, ಗಾಳಿ ಬೆಳಕಿನ ಮನೆಗಳ ಬೆಲೆ ಜನಕ್ಕೆ ಗೊತ್ತಾದದ್ದು ಆಗಲೇ.

ನಮ್ಮವರ ಸರಕುಗಳು ತಲೆ ಎತ್ತಿದ್ದೂ ಇದೇ ಆಸುಪಾಸಿನಲ್ಲಿ. 1893ರಲ್ಲಿ ಕಾಶೀನಾಥುನಿ ನಾಗೇಶ್ವರರಾವ್ ಮುಂಬಯಿಯಲ್ಲಿ ಅಮೃತಾಂಜನ ಮಾಡಿದರು. ಸಂಗೀತ ಕಛೇರಿಗಳಿಗೆ ಬಂದವರಿಗೆ ಪುಕ್ಕಟೆ ಹಂಚಿ ಹೆಸರು ಮಾಡಿದರು. ನಂಜನಗೂಡಿನಲ್ಲಿ ಬಿ. ವಿ. ಪಂಡಿತರು 1913ರಲ್ಲಿ ಸದ್ವೈದ್ಯಶಾಲೆ ಶುರು ಮಾಡಿದರು, ಅವರ ಹಲ್ಲುಪುಡಿ ನಮ್ಮ ಬಚ್ಚಲಿನ ಗೂಡಿನಲ್ಲಿ ಸದಾ ಇರುತ್ತಿತ್ತು. ಇವರು ಯಾವ ಲಾರ್ಡನ ಕಾಗದವನ್ನೂ ಅಚ್ಚು ಹಾಕಿದ್ದು ನಾನು ಕಂಡಿಲ್ಲ. ಹಣೆಗೆ ಹಚ್ಚಿ ನೋಡು, ಹಲ್ಲು ತಿಕ್ಕಿ ನೋಡು ಎಂದರು.

ಗ್ರೈಪ್ ವಾಟರ್ ನೆನಪಾಗಿ ನಗು ಬಂತು. ವುಡ್‌ವರ್ಡ್ ಎಂಬವನು 1851ರಲ್ಲಿ ನಾಟಿಂಗ್‌ಹ್ಯಾಮಿನಲ್ಲಿ ಮಾಡಿದ್ದು. ಸಬ್ಬಸಿಗೆ ಎಣ್ಣೆ, ಸೋಡ, ಸಕ್ಕರೆ, ಜೊತೆಗೆ ಒಂದಿಷ್ಟು ಆಲ್ಕೊಹಾಲ್. ಮಗು ಸುಮ್ಮನಾಗುತ್ತಿದ್ದದ್ದು ಯಾವುದರಿಂದ ಎಂದು ಕೇಳಬೇಕಾಗಿಲ್ಲ. ಈಗಿನದರಲ್ಲಿ ಆಲ್ಕೊಹಾಲ್ ಇಲ್ಲ. ಆದರೆ ಟೀವಿಯಲ್ಲಿ ಅದನ್ನು ಮಾರಿದ ರೀತಿ ಪಕ್ಕಾ ನಮ್ಮದು: ಅಳುವ ಮಗುವಿಗೆ ಕೊಡು ಎಂದು ತಾಯಿ, ನಿನಗೂ ಅದನ್ನೇ ಕೊಟ್ಟಿದ್ದೆ ಎಂದು ಅವಳ ತಾಯಿ, ಆಮೇಲೆ ಆ ತಾಯಿಯ ತಾಯಿ. ನ್ಯಾಯಾಧೀಶರು ನಿಂತಿದ್ದ ಜಾಗದಲ್ಲಿ ಅಜ್ಜಿ ಬಂದು ಕೂತಳು. ವೈದ್ಯರು ಇದಕ್ಕೂ ಪುರಾವೆ ಕೇಳುತ್ತಾರೆ, ಕೇಳಲೇಬೇಕು. ಅಜ್ಜಿಯ ಮಾತೆಂದು ಅದೂ ದೇವವಾಕ್ಯವಲ್ಲ.

ಜೂನ್ 27, ಶುಕ್ರವಾರ

ಮಾಗಡಿ ರೋಡಿನ ಟೋಲ್‌ಗೇಟ್ ಹತ್ತಿರ ಹಳೇ ಹೊಲಿಗೆ ಮೆಷಿನ್ ರಿಪೇರಿ ಅಂಗಡಿಗೆ ಅತ್ತೆಯ ಸಿಂಗರ್ ಕೊಟ್ಟಿದ್ದೆ, ತಂದೆ. ಬೆಲ್ಟು ಹೊಸದು, ಶಟಲ್ ಹಳೆಯದೇ. ಓಡುತ್ತಿದೆ.

ಅಮೆರಿಕದ ಸಿಂಗರ್ ಕಂಪನಿ 1870ರ ದಶಕದಲ್ಲಿ ಇಂಡಿಯಾಕ್ಕೆ ಬಂತು. 1875ರಿಂದ ಇಲ್ಲಿ ಅದರ ವ್ಯಾಪಾರ ನೋಡಿಕೊಂಡವರು ನಸ್ಸರ್ವಾಂಜಿ ಮೆರ್ವಾಂಜಿ ಪಟೇಲ್ ಎಂಬ ಪಾರ್ಸಿ. ಅವರು ಮಾರಿದ್ದು ಯಂತ್ರವನ್ನಷ್ಟೇ ಅಲ್ಲ, ಕಂತನ್ನು. ಬಂಗಲೆಯ ಜಗಲಿಯಲ್ಲಿ ಕಾಲು ಮಡಚಿ ಕೂತು ದೊರೆಸಾನಿಯ ಗೌನು ಹೊಲಿಯುತ್ತಿದ್ದ ದರ್ಜಿಯ ಕೈಗೂ ಹೀಗೆ ಯಂತ್ರ ಬಂತು. ಆ ಕಾಲದ ದೊಡ್ಡ ಜಾಹೀರಾತುಗಳಲ್ಲಿ ದುಡಿಯುವವನನ್ನೂ ಕೊಳ್ಳುವವನೆಂದು ಲೆಕ್ಕಕ್ಕೆ ತೆಗೆದುಕೊಂಡ ಸರಕು ಅಪರೂಪ. ಸಿಂಗರ್ ಅಂಥದ್ದು. ಹಾಗಾಗಿಯೇ ಉಳಿಯಿತು ಅನ್ನಿಸುತ್ತದೆ. ಹಾಲೊವೇ ಗುಳಿಗೆಯ ಹೆಸರು ಹೇಳಿದರೆ ನಮ್ಮ ಬೀದಿಯಲ್ಲಿ ಯಾರಿಗೂ ಗೊತ್ತಿಲ್ಲ. ಸಿಂಗರ್ ಅಂದರೆ ಕಾಮಾಕ್ಷಿಪಾಳ್ಯದ ಗಾರ್ಮೆಂಟ್ಸ್ ಹುಡುಗಿಗೂ ಗೊತ್ತು.

ಗೋಲಿ ಸೋಡವನ್ನೂ ಈ ಸಾಲಿಗೆ ಸೇರಿಸಬೇಕು. 1872ರಲ್ಲಿ ಹಿರಮ್ ಕಾಡ್ ಎಂಬ ಇಂಗ್ಲಿಷಿನವನು ಗೋಲಿಯ ಸೀಸೆಗೆ ಪೇಟೆಂಟ್ ತೆಗೆದ. ಸೀಸೆಯ ಕತ್ತಿನೊಳಗಿನ ಗೋಲಿಯನ್ನು ಗ್ಯಾಸಿನ ಒತ್ತಡವೇ ಮೇಲಕ್ಕೆ ತಳ್ಳಿ ಬಾಯಿ ಮುಚ್ಚುತ್ತದೆ. ಕ್ಲಬ್ಬಿನ ವಿಸ್ಕಿಗೆಂದು ತಯಾರಾಗುತ್ತಿದ್ದ ಸೋಡ ಬರಬರುತ್ತ ಜಾತ್ರೆಗೆ ಇಳಿಯಿತು, ನಿಂಬೆಹಣ್ಣು, ಉಪ್ಪು ಹಾಕಿಸಿಕೊಂಡಿತು. ಅದಕ್ಕೆ ಜಾಹೀರಾತು ಬೇಕಿರಲಿಲ್ಲ, ಗೋಲಿ ಒತ್ತಿದಾಗ ಬರುವ ಸದ್ದೇ ಸಾಕಿತ್ತು.

ಟಿಪ್ಪಣಿ ಮುಗಿಯಿತು. ಇವರು ಓದಿ, "ಸಾಬೂನಿನ ಭಾಗ ಇನ್ನೂ ಸ್ವಲ್ಪ ಉದ್ದ ಮಾಡು" ಅಂದರು. ಮಾಡುವುದಿಲ್ಲ.

ಜೂನ್ 29, ಭಾನುವಾರ

ಮಾತು ಮುಗಿಸಿ ಬಂದೆ. ಮಳೆ ಇದ್ದರೂ ಜನ ಬಂದಿದ್ದರು. ಕ್ಲೋರೊಡೈನಿನ ಅಫೀಮಿಗೆ ಎಲ್ಲರೂ ನಕ್ಕರು, ಪಿಯರ್ಸಿನ ಮಗುವಿನ ಚಿತ್ರಕ್ಕೆ ಸುಮ್ಮನಾದರು. ಮಿಲ್ಲಿನಲ್ಲಿ ದುಡಿದಿದ್ದ ಹಿರಿಯರೊಬ್ಬರು ಎದ್ದು, "ನಮ್ಮ ಮಾಲಿಗೆ ಮದರಾಸಿನಿಂದ ಹೊಗಳಿಕೆ ಕಾಗದ ಬರ್ತಿತ್ತಮ್ಮಾ, ನಮಗೆ ಮೆಮೊ ಬರ್ತಿತ್ತು" ಅಂದರು. ನಾನು ಅಷ್ಟು ಹೊತ್ತು ಹೇಳಿದ್ದನ್ನು ಅವರು ಒಂದೇ ಮಾತಲ್ಲಿ ಮುಗಿಸಿದರು.

ಕಾರ್ಯದರ್ಶಿಗಳು ಕೊನೆಯಲ್ಲಿ ಸಾರಾಂಶ ಕೇಳಿದರು. ಹೇಳಿದ್ದನ್ನೇ ಇಲ್ಲೂ ಬರೆದಿಡುತ್ತೇನೆ. ಹಳೇ ಜಾಹೀರಾತು ಓದುವಾಗ ಏನು ಮಾರಿದರು, ಎಷ್ಟಕ್ಕೆ ಮಾರಿದರು ಎಂಬುದು ಚಿಕ್ಕ ಪ್ರಶ್ನೆ. ಯಾರ ಹೊಗಳಿಕೆ ಅಚ್ಚಾಯಿತು, ಯಾರ ದುಡಿಮೆಗೆ ಇನ್ನೊಬ್ಬರ ಚೀಟಿ ಬೇಕಾಯಿತು ಎಂಬುದೇ ದೊಡ್ಡ ಪ್ರಶ್ನೆ. ದಂಡು ಹೋಗಿ 78 ವರ್ಷವಾಗುತ್ತ ಬಂತು, ಆ ಅಂತರ ಹೋಗಿಲ್ಲ. ಮನೆಗೆ ಕೆಲಸಕ್ಕೆ ಬಂದವರ ಬಗ್ಗೆ ಫೋನಿನಲ್ಲಿ ಬೆರಳೊತ್ತುವ ಮೊದಲು ಅವರ ಮುಖ ನೋಡಿ ಒಂದು ಮಾತು ಕೇಳಿ. ತಡವಾದದ್ದು ಅವರಿಂದಲೋ, ನಮ್ಮ ಲಿಫ್ಟಿನಿಂದಲೋ?